ಗುರುಗಳ ಹಿಂದೆ ಬಿದ್ದಿರೋ ತಂಗಿ ಕಣ್ಣು ತೆರೆಸೋಕೆ ಯಾವ ಡಾಕ್ಯುಮೆಂಟರಿ ತೋರಿಸ್ಲಿ?

ಯಾವುದೂ ತೋರಿಸ್ಬೇಡಿ. ಏಳು ವರ್ಷದ ಹಿಂದೆ ಇದೇ ಕೆಲ್ಸ ಮಾಡಿ ಎರಡೂವರೆ ವರ್ಷ ಅಕ್ಕನ ಮುಖ ನೋಡಿಲ್ಲ ನಾನು.

ಅಕ್ಕ ವಾರಕ್ಕೊಂದಿನ ನಾಗರಬಾವಿಲಿ ಯಾರದೋ ಮನೆ ಮಹಡಿಗೆ ಸತ್ಸಂಗ ಅಂತ ಹೋಗೋಳು, ಆಮೇಲೆ ನಾಲ್ಕು ದಿನ ಆಯ್ತು, ಆಮೇಲೆ ಕೆಲ್ಸ ಬಿಟ್ಳು, ಪಿಎಫ್ ದುಡ್ಡು ತೆಗೆದು ಕೊಟ್ಬಿಟ್ಳು. ನಾನು ಯೂಟ್ಯೂಬಲ್ಲಿ ಜೋನ್ಸ್‌ಟೌನ್ ಬಗ್ಗೆ ಒಂದು ಡಾಕ್ಯುಮೆಂಟರಿ ಹುಡುಕ್ದೆ. ಜಿಮ್ ಜೋನ್ಸ್ ಅಂತ ಅಮೆರಿಕದ ಪಾದ್ರಿ, ಗಯಾನಾ ಕಾಡಲ್ಲಿ ಊರು ಕಟ್ಟಿ 1978ರ ನವೆಂಬರ್ 18ಕ್ಕೆ ಭಕ್ತರಿಗೆ ಜ್ಯೂಸಲ್ಲಿ ಸಯನೈಡ್ ಕುಡಿಸ್ದ, 900ಕ್ಕೂ ಹೆಚ್ಚು ಜನ ಸತ್ರು, ಅದ್ರಲ್ಲಿ ಸುಮಾರು 300 ಮಕ್ಕಳು.

ಯುಗಾದಿ ದಿನ ದೊಡ್ಡಪ್ಪ, ಚಿಕ್ಕಮ್ಮ ಎಲ್ಲ ಊಟಕ್ಕೆ ಕೂತಿದ್ದಾಗ ಟಿವಿಗೆ ಹಾಕ್ದೆ. ಹೆಣಗಳ ಸೀನಲ್ಲಿ ನಿಲ್ಲಿಸಿ "ನೋಡ್ಕೋ, ನಿನ್ ಗುರುಗಳದ್ದೂ ಇದೇ ಕಥೆ" ಅಂದೆ. ಅಕ್ಕ ಕೈಲಿದ್ದ ಒಬ್ಬಟ್ಟಿನ ತುಂಡನ್ನ ಎಲೆ ಅಂಚಿಗೆ ಇಟ್ಳು, ತುಪ್ಪದ ಕೈಯನ್ನ ಸೆರಗಿಗೇ ಒರೆಸ್ಕೊಂಡು "ನಮ್ ಗುರುಗಳು ಯಾರಿಗಾದ್ರೂ ವಿಷ ಹಾಕಿದಾರಾ?" ಅಂದು ಚಪ್ಪಲಿ ಮೆಟ್ಕೊಂಡು ಹೋದ್ಳು. ಹಾಕಿರ್ಲಿಲ್ವಲ್ಲ, ನಾನೇನ್ ಹೇಳ್ಲಿ? ಮನೆಯೋರು ಇಂಥ ವಿಡಿಯೋ ತೋರಿಸ್ತಾರೆ ಅಂತ ಅಲ್ಲಿ ಮೊದ್ಲೇ ಹೇಳಿದ್ರಂತೆ ಬೇರೆ.

ಎಲ್ಲರೆದುರು ಮರ್ಯಾದೆ ತೆಗೆದಿದ್ದು ತಪ್ಪೇ. ಆದ್ರೆ ನಿಜವಾಗಿ ಎಡವಿದ್ದು ಕೊನೇ ದಿನ ತೋರಿಸಿದ್ರಲ್ಲಿ. ಕೊನೆ ನೋಡಿ ಯಾರ್ರೀ ಸೇರ್ತಾರೆ? ಅದೇ ಜೋನ್ಸ್ 1950ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರು ಮಾಡ್ದಾಗ ಕಪ್ಪು ಜನ ಬಿಳಿ ಜನರನ್ನ ಒಟ್ಟಿಗೆ ಕೂರಿಸ್ತಿದ್ದ, ಹಸಿದೋರಿಗೆ ಪುಕ್ಕಟೆ ಊಟ ಹಾಕ್ತಿದ್ದ, ವಯಸ್ಸಾದೋರನ್ನ ನೋಡ್ಕೋತಿದ್ದ. ಆಸ್ತಿ ಬರೆಸ್ಕೊಳ್ಳೋದು, ವಿಷ ಅಂತ ಸುಳ್ಳು ಹೇಳಿ ಕುಡಿಸಿ ನಿಷ್ಠೆ ಪರೀಕ್ಷೆ ಮಾಡೋದು ಎಲ್ಲ ನಿಧಾನಕ್ಕೆ ಬಂದಿದ್ದು. ಅಕ್ಕ ಕಂಡಿದ್ದೂ ಆ ಶುರುವನ್ನೇ. ಭಾವ ತೀರ್ಕೊಂಡಾಗ ನಾವೆಲ್ಲ ವೈಕುಂಠದ ಊಟ ಮುಗಿಸಿ ಎದ್ದು ಹೋದ್ವಿ, ಆ ಸತ್ಸಂಗದೋರು ಆರು ತಿಂಗಳು ಸಂಜೆ ಸಂಜೆ ಬಂದು ಅವಳ ಜೊತೆ ಕೂತಿದ್ರು. ಇದು ನನಗೆ ಹೊಳೆಯೋಕೆ ವರ್ಷಗಳೇ ಹಿಡೀತು.

ಅವಳು ಹೊರಗೆ ಬಂದಿದ್ದು ಯಾವ ಜ್ಞಾನೋದಯದಿಂದಾನೂ ಅಲ್ಲ. ಅಡುಗೆ ಸೇವೆಲಿ ಎಣ್ಣೆ ಟಿನ್ ಲೆಕ್ಕ ತಪ್ಪಿ ಇವಳ ಮೇಲೆ ಕಳ್ಳತನ ಹೊರಿಸಿದ್ರಂತೆ! ರಾತ್ರಿ ಹತ್ತಕ್ಕೆ ಅಮ್ಮಂಗೆ ಫೋನು. ಅಮ್ಮ ಒಬ್ಬಳೇ ಅಷ್ಟೂ ದಿನ ಪ್ರತಿ ಭಾನುವಾರ ಫೋನ್ ಮಾಡಿ ಏನ್ ತಿಂಡಿ, ಮೊಣಕಾಲು ಹೇಗಿದೆ ಅಂತ ಕೇಳ್ತಿದ್ದಿದ್ದು, ಗುರು ವಿಷಯ ಎತ್ತಿದ್ದೇ ಇಲ್ಲ.

ಅದಕ್ಕೇ ಹೇಳೋದು, ಡಾಕ್ಯುಮೆಂಟರಿ ಬೇಕಾದ್ರೆ ನೀವೊಬ್ರೇ ನೋಡಿ, ಮೊದಲರ್ಧ ಸರಿಯಾಗಿ ನೋಡಿ. ತಂಗಿಗೆ ಬ್ರೈನ್‌ವಾಶ್ ಅನ್ನೋ ಪದ ಹೇಳ್ಲೇಬೇಡಿ. ತಂಗಿ ಹೆಸರಲ್ಲಿ ಸೈಟು ಗೀಟು ಇದ್ರೆ ಅದರ ಪತ್ರ ಮಾತ್ರ ನಿಮ್ಮ ಲಾಕರಲ್ಲಿ ಇಟ್ಕೊಳ್ಳಿ, ಅದ್ರಲ್ಲಿ ದಾಕ್ಷಿಣ್ಯ ಬೇಡ.

ಅಕ್ಕ ಈಗ ನಮ್ಮನೇಲೇ ಇದಾಳೆ. ಬೀರು ಬಾಗಿಲ ಒಳಗಡೆ ಗುರುಗಳ ಫೋಟೊ ಇನ್ನೂ ಅಂಟಿಸ್ಕೊಂಡಿದಾಳೆ, ನಾನು ಕೇಳೋಕೆ ಹೋಗಿಲ್ಲ.