ಗ್ರಹಣದ ದಿನ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ, ವಿಜ್ಞಾನ ಹೇಗೆ ಕಲಿಸಲಿ?

ಮುದ್ದೇಬಿಹಾಳ ಕಡೆಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ನೀವು. ಗ್ರಹಣ ಬಂದರೆ ಹಾಜರಾತಿ ಅರ್ಧಕ್ಕಿಳಿಯುತ್ತದೆ, ನೆರಳಿನ ಆಟ ಅಂತ ವಿವರಿಸಿದರೆ ‘ಹಂಗಾದ್ರ ಒನಕಿ ಯಾಕ್ ನಿಲ್ತದ ಸರ್?’ ಅಂತ ಮಕ್ಕಳೇ ತಿರುಗಿ ಕೇಳುತ್ತಾರೆ, ಪಾಲಕರ ಜೊತೆ ಜಗಳವಾಗದಂತೆ ಏನು ಮಾಡಲಿ ಅಂದಿದ್ದೀರಿ.

ಗ್ರಹಣದ ಹೊತ್ತಿಗೆ ಮಾತ್ರ ನೀರಿನ ತಾಟಿನಲ್ಲಿ ಒನಕಿ ನೆಟ್ಟಗೆ ನಿಲ್ಲುತ್ತದೆ ಅನ್ನುವ ನಂಬಿಕೆಯಿಂದ ಈ ಪ್ರಶ್ನೆ ಬಂದದ್ದು ನಿಮ್ಮ ಅದೃಷ್ಟ, ಸರ್. ಅದನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ, ಪರೀಕ್ಷೆಗೆ ಹಚ್ಚಿ. ಗ್ರಹಣಕ್ಕೆ ಮೂರು ದಿನ ಮೊದಲು, ಗ್ರಹಣದ ಹೊತ್ತಿನಲ್ಲಿ, ಮೂರು ದಿನ ಬಿಟ್ಟು, ಹೀಗೆ ಮೂರು ಸಲ ಅದೇ ಒನಕಿ, ಅದೇ ತಾಟು, ಅಷ್ಟೇ ನೀರು. ಪ್ರತಿ ಸಲ ಹತ್ತು ಪ್ರಯತ್ನ, ನಿಂತಿತೋ ಬಿತ್ತೋ ಮಕ್ಕಳೇ ಬರೆದುಕೊಳ್ಳಲಿ. ಎರಡು ಕೈಯಿಂದ ಸಡಿಲಾಗಿ ಹಿಡಿದು, ಭಾರವೆಲ್ಲ ತಳಕ್ಕೆ ಇಳಿದದ್ದು ಕೈಗೆ ಗೊತ್ತಾದ ಮೇಲೆ ಬೆರಳು ಬಿಡಬೇಕು. ತಳ ಸಪಾಟಾಗಿದ್ದರೆ ಅಮಾವಾಸ್ಯೆಗೂ ನಿಲ್ಲುತ್ತದೆ, ಆಡದಿನಕ್ಕೂ ನಿಲ್ಲುತ್ತದೆ. ಕುಟ್ಟಿ ಕುಟ್ಟಿ ತಳ ಗುಂಡಗಾಗಿದ್ದರೆ ಗ್ರಹಣಕ್ಕೂ ಬೀಳುತ್ತದೆ. ಅಂಥದ್ದೊಂದನ್ನು ಬೇಕೆಂದೇ ತರಿಸಿ, ಗುರುತ್ವ ಕೇಂದ್ರದ ಪಾಠ ಅಲ್ಲೇ ಮುಗಿಯುತ್ತದೆ. ಸಾಮಾನ್ಯವಾಗಿ ಕೆಡುವುದು ತಾಟಿನಿಂದ: ನಡು ಉಬ್ಬಿದ ತಾಟಾದರೆ ಯಾವ ಒನಕಿಯೂ ನಿಲ್ಲದು. ಬೇರೆ ದಿನ ಯಾರೂ ನಿಲ್ಲಿಸಿ ನೋಡಿರುವುದಿಲ್ಲ, ನಂಬಿಕೆ ಉಳಿದಿರುವುದೇ ಅಲ್ಲಿ.

2027ರ ಆಗಸ್ಟ್ 2, ನಾಗರ ಅಮಾವಾಸ್ಯೆಯ ಸೋಮವಾರ, ಸಂಜೆ ನಮ್ಮ ಕಡೆ ಪಾರ್ಶ್ವ ಸೂರ್ಯಗ್ರಹಣವಿದೆ. ಸೂರ್ಯ ಪಡುವಣಕ್ಕೆ ಇಳಿದಿರುತ್ತಾನೆ, ಗಿಡ-ಗೋಡೆ ಅಡ್ಡ ಬರುತ್ತದೆಯೇ ಎಂದು ಹಿಂದಿನ ದಿನ ಅದೇ ಹೊತ್ತಿಗೆ ನೋಡಿಡಿ. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ ನಡುವೆ ಒಂದು ಸೆಂಟಿಮೀಟರ್ ತೂತು ಬಿಡಿ, ಬೆಳಕನ್ನು ಹತ್ತು ಮೀಟರ್ ದೂರದ ಕತ್ತಲ ಗೋಡೆಗೆ ಹಾಯಿಸಿ. ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ, ತರಗತಿಯೆಲ್ಲ ಒಟ್ಟಿಗೆ ನೋಡಬಹುದು. ತೂತು ದೊಡ್ಡದಾದರೆ ಅಂಚು ಮಸುಕು. ಕೈಯಲ್ಲಿ ಹಿಡಿದರೆ ನಡುಗುತ್ತದೆ, ಉಸುಕಿನ ಬಕೆಟ್‌ನಲ್ಲಿ ಊರಿ. ಎರಡು ನಿಮಿಷಕ್ಕೆ ಬಿಂಬ ತನ್ನಷ್ಟೇ ಅಗಲ ಸರಿಯುತ್ತದೆ, ತಿರುಗಿಸುತ್ತಿರಲು ಒಬ್ಬರು ಬೇಕು. ಕನ್ನಡಿಯೊಳಗೆ ಯಾರೂ ಇಣುಕಬಾರದು. ಎಕ್ಸ್‌ರೇ ಹಾಳೆ, ಸಗಣಿ ನೀರಿನ ಪ್ರತಿಬಿಂಬ ಎರಡೂ ಬೇಡ: ಕಣ್ಣಿನ ಒಳಪರದೆಗೆ (ರೆಟಿನಾ) ನೋವು ತಿಳಿಯುವುದಿಲ್ಲ, ಸುಟ್ಟದ್ದು ಆಮೇಲೆ ಗೊತ್ತಾಗುತ್ತದೆ.

ಊಟದ ವಿಷಯಕ್ಕೆ ಕೈ ಹಾಕಬೇಡಿ. ಸೂರ್ಯಗ್ರಹಣಕ್ಕೆ ವೇಧೆ, ಅಂದರೆ ಊಟ ಬಿಡುವ ಹೊತ್ತು, ಹನ್ನೆರಡು ತಾಸು ಮೊದಲೇ ಹಿಡಿಯುವ ಮನೆಗಳಿವೆ, ಕೆಲವರು ಬಿಸಿಯೂಟ ಬಿಡಬಹುದು. ಗ್ರಹಣದಲ್ಲಿ ಉಪ್ಪಿಟ್ಟು ತಿಂದು ತೋರಿಸುವುದು ದೊಡ್ಡವರ ಚಳವಳಿಗೆ ಸರಿ, ಎಂಟನೇ ಇಯತ್ತೆಯ ಹುಡುಗಿ ಸಂಜೆ ಮನೆಗೆ ಹೋಗಿ ಅವ್ವಗ ಉತ್ತರ ಕೊಡಬೇಕು. 2017ರ ಮೌಢ್ಯ ನಿಷೇಧ ಕಾಯ್ದೆ ಅಂತ ಹೆದರಿಸಲೂ ಬೇಡಿ, ಉಪವಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಬೆನ್ನಿಗಿರುವುದು ಸಂವಿಧಾನದ 51ಎ(ಎಚ್), ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕರ ಕರ್ತವ್ಯ ಅನ್ನುತ್ತದೆ. ಪೂರ್ತಿ ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಧರ್ಮಬೋಧೆ ಇಲ್ಲ ಅನ್ನುವುದು 28(1).

ಧರ್ಮದವರೆಲ್ಲ ವಿಜ್ಞಾನಕ್ಕೆ ಅಡ್ಡ ಅಂತ ಮೊದಲೇ ತೀರ್ಮಾನಿಸಬೇಡಿ. ವಿಜಯಪುರದಲ್ಲಿ 1910ರಲ್ಲಿ ಹುಟ್ಟಿ ಇಂದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜು ನಡೆಸುವ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಗೆ ಬೆನ್ನೆಲುಬಾದವರು ಬಂಥನಾಳದ ಶಿವಯೋಗಿಗಳು. ಇಳಕಲ್ಲಿನ ಮಹಾಂತ ಅಪ್ಪಗಳು ಊರೂರು ಜೋಳಿಗೆ ಹಿಡಿದು ಕೇಳಿದ್ದು ಜನರ ದುಶ್ಚಟಗಳನ್ನು. ನಿಮ್ಮೂರ ಮಠದ ಅಜ್ಜಾರು ಒಪ್ಪಿ ಗೋಡೆಯ ಮೇಲಿನ ಬಿಂಬ ನೋಡಲು ಬಂದರೆ ಹಾಜರಾತಿಯ ಚಿಂತೆ ಅಲ್ಲಿಗೆ ಅರ್ಧ ಕಳೆಯಿತು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲೇ ವಿಷಯ ಇಡಿ, ಗ್ರಹಣ ಶಾಲೆ ಬಿಡುವ ಹೊತ್ತಿಗೆ ಬೀಳುವುದರಿಂದ ಮಕ್ಕಳನ್ನು ಉಳಿಸಿಕೊಳ್ಳಲು ಪಾಲಕರ ಒಪ್ಪಿಗೆಯೂ ಬೇಕು. ಆಗಸ್ಟ್‌ನಲ್ಲಿ ಮೋಡದ ಕಾಟ ಇದ್ದದ್ದೇ. ಬಿಂಬ ಕಾಣದಿದ್ದರೂ ಒನಕಿಯ ಹತ್ತು ಪ್ರಯತ್ನ ಬಿಡಿಸಬೇಡಿ.