ಪ್ರತಿಕ್ರಿಯೆ: ನಡುವೆ ಹೃದಯವಿರುವ ಕ್ವಿಬೆಕ್ ಬಾವುಟ ತಿರಸ್ಕೃತ ವಿನ್ಯಾಸವೇ?

ನಿಮ್ಮ ಸಂಗ್ರಹದ ನೀಲಿ ಬಾವುಟದ ನಡುವೆ ಹೃದಯವಿರುವುದು ಮುದ್ರಣದೋಷವಲ್ಲ. ಅದು ಬಹುಶಃ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಈಗಿನ ಧ್ವಜಕ್ಕಿಂತ ಮುಂಚಿನ ‘ಕಾರಿಯೋಂ’ ಮಾದರಿ. ಮೊದಲು ಲಿಲಿ ಹೂಗಳನ್ನು ನೋಡಿ. ನಾಲ್ಕೂ ಹೂಗಳು ಮೂಲೆಗಳಿಂದ ಓರೆಯಾಗಿ ಬಿಳಿ ಶಿಲುಬೆಯ ನಡುಭಾಗದತ್ತ ತಿರುಗಿದ್ದರೆ, ಫ್ರಾನ್ಸಿನ ತ್ರಿವರ್ಣವನ್ನೇ ಹಾರಿಸುತ್ತಿದ್ದ ಫ್ರೆಂಚ್ ಕೆನಡಿಯನ್ನರಿಗೆ ತಮ್ಮದೇ ಬಾವುಟ ಬೇಕೆಂದು ಪಾದ್ರಿ ಎಲ್ಫೇಜ್ ಫಿಲಿಯಾತ್ರೋ 1902ರಲ್ಲಿ ರೂಪಿಸಿದ ಕಾರಿಯೋಂ ವಿನ್ಯಾಸದ ವಂಶಕ್ಕೆ ಅದು ಸೇರುತ್ತದೆ. ಬಳಿಕ ನಡುಭಾಗವನ್ನು ಪರೀಕ್ಷಿಸಿ: ಯೇಸುವಿನ ಪವಿತ್ರ ಹೃದಯದ ಸುತ್ತ ಮೇಪಲ್ ಎಲೆಗಳ ಮಾಲೆಯೂ ಇದ್ದರೆ ಅದು 1903ರ ಧಾರ್ಮಿಕ ರೂಪ. 1948ರ ಜನವರಿ 21ರಂದು ಕ್ವಿಬೆಕ್‌ನ ಮೋರಿಸ್ ದ್ಯುಪ್ಲೆಸಿ ಸರ್ಕಾರ ಅಂಗೀಕರಿಸಿದ ಧ್ವಜದಲ್ಲಿ ಹೃದಯವಿಲ್ಲ, ಹೂಗಳೂ ನೆಟ್ಟಗೆ ನಿಂತಿವೆ (ದೂರದಿಂದ ನೋಡುವವರಿಗೆ ಇದೇ ಹೆಚ್ಚು ಸ್ಪಷ್ಟವೆಂದು ನನ್ನ ಅನಿಸಿಕೆ). ಆದ್ದರಿಂದ ಸಂಗ್ರಹದ ಪಟ್ಟಿಯಲ್ಲಿ ‘ತಿರಸ್ಕೃತ’ ಎನ್ನುವ ಬದಲು ‘ಪೂರ್ವರೂಪ’ ಎಂದು ನಮೂದಿಸಿ. ವಿನ್ಯಾಸ ಹಳೆಯದಾದ ಮಾತ್ರಕ್ಕೆ ಬಟ್ಟೆಯೂ ಅಷ್ಟೇ ಹಳೆಯದೆಂದು ಹೇಳಲಾಗದು; ತಯಾರಕರ ಗುರುತೇನಾದರೂ ಇದೆಯೇ ಎಂದು ಅಂಚಿನ ಪಟ್ಟಿಯನ್ನು ನೋಡಿಕೊಂಡ ಮೇಲಷ್ಟೇ ವರ್ಷವನ್ನು ಬರೆಯಿರಿ.