ಪುಣೆ ಹತ್ತಿರ 10 ಗುಂಟೆಯಲ್ಲಿ ಹಳೆ ಪದ್ಧತಿಯಲ್ಲಿ ಆಲೂಗಡ್ಡೆ ಬೆಳೆಯಬಹುದಾ?

ಧಾರಾಳವಾಗಿ. ನಮ್ಮೂರು ಹಾಸನದ ಕಡೆ, ಈಗಿರುವುದು ಪಿಂಪ್ರಿಯಲ್ಲಿ. ಎರಡೂ ಕಡೆಯ ಆಲೂಗಡ್ಡೆ ಹೊಲ ನೋಡಿ ಹೇಳ್ತಿದ್ದೇನೆ. ನಿಮ್ಮ ಜಮೀನು ಖೇಡ್ ತಾಲೂಕಿನಲ್ಲಿದೆ, ಬಾವಿ ಇದೆ ಅಂದಿರಿ. ಪಕ್ಕದ ಅಂಬೇಗಾವ್ ತಾಲೂಕಿನ ಸಾತ್‌ಗಾವ್ ಪಠಾರದಲ್ಲಿ ಮಳೆ ನಂಬಿ ಮುಂಗಾರಿನಲ್ಲೇ ಬೆಳೆಯುತ್ತಾರೆ. ನೀವು ಹೊಸಬರು, ದೀಪಾವಳಿ ಆಸುಪಾಸಿಗೆ ಹಾಕಿ. ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆಯುವ ಅಂಗಮಾರಿ ರೋಗದ ಕಾಟ ಜಾಸ್ತಿ. ರಾತ್ರಿ ತಂಪಿಲ್ಲದಿದ್ದರೆ ಗಿಡವೇನೋ ಸೊಂಪಾಗಿ ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ.

ತಿನ್ನಲು ತಂದ ಗಡ್ಡೆಯನ್ನೇ ಬಿತ್ತಬೇಡಿ. ಮಂಚರ್ ಮಾರುಕಟ್ಟೆಗೆ ಪಂಜಾಬಿನ ಬೀಜದ ಗಡ್ಡೆ ಬರುತ್ತದೆ, ಹಾಸನಕ್ಕೂ ಬರುವುದು ಜಾಲಂಧರ್ ಕಡೆಯದೇ. ಕೋಲ್ಡ್ ಸ್ಟೋರೇಜಿನಿಂದ ಬಂದದ್ದನ್ನು ನೆರಳಿದ್ದೂ ಬೆಳಕಿರುವ ಜಾಗದಲ್ಲಿ ಹತ್ತು ದಿನ ಹರಡಿಡಿ. ಮೊಳಕೆ ಗಿಡ್ಡವಾಗಿ, ಗಟ್ಟಿಯಾಗಿ ಬರಬೇಕು. ಕತ್ತಲಲ್ಲಿಟ್ಟರೆ ಬಿಳಿ ದಾರದ ಹಾಗೆ ಉದ್ದವಾಗಿ, ಹಾಕುವಾಗಲೇ ಮುರಿಯುತ್ತದೆ. ದೊಡ್ಡ ಗಡ್ಡೆಯಾದರೆ ತುಂಡಿಗೆ ಎರಡು ಕಣ್ಣಾದರೂ (ಮೊಳಕೆ ಹೊರಡುವ ಕುಳಿ) ಇರುವಂತೆ ಕತ್ತರಿಸಿ, ಒಲೆ ಬೂದಿ ಹಚ್ಚಿ, ನೆರಳಲ್ಲಿ ಆರಿಸಿ. ಮುಂಗಾರಿನಲ್ಲಿ ಹಾಕುವವರು ಕತ್ತರಿಸದೆ ಸಣ್ಣ ಗಡ್ಡೆಗಳನ್ನೇ ಇಡೀ ಹಾಕುವುದು ಲೇಸು, ತುಂಡು ಬೇಗ ಕೊಳೆಯುತ್ತದೆ.

ಗೊಬ್ಬರ ಚೆನ್ನಾಗಿ ಕಳಿತದ್ದಿರಲಿ. ಸಾಲಿಂದ ಸಾಲಿಗೆ ಎರಡಡಿ, ಗಡ್ಡೆಯಿಂದ ಗಡ್ಡೆಗೆ ಗೇಣು. ಹಿಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ ಆಗಿದ್ದರೆ ಆ ಜಾಗ ಬೇಡ. ಎಲ್ಲವೂ ಒಂದೇ ಕುಲದವು, ರೋಗವೂ ಹಂಚಿಕೊಳ್ಳುತ್ತವೆ.

ನನ್ನ ಕೇಳಿದರೆ ಅರ್ಧ ಬೆಳೆ ನಿಂತಿರುವುದು ಮಣ್ಣು ಏರಿಸುವುದರ ಮೇಲೆ. ಜನ ಕಳೆ ಕಿತ್ತು ಸುಮ್ಮನಾಗುತ್ತಾರೆ. ಗಡ್ಡೆ ಕಟ್ಟುವುದು ಬೇರಿನಲ್ಲಲ್ಲ, ಮಣ್ಣಿನೊಳಗಿನ ಕಾಂಡದಿಂದ ಹೊರಡುವ ಕುಡಿಗಳ ತುದಿಯಲ್ಲಿ. ಗಿಡ ಗೇಣುದ್ದ ಬಂದಾಗ ಒಮ್ಮೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಬುಡಕ್ಕೆ ಮಣ್ಣು ಕೊಡಿ. ಎತ್ತಿನ ನೇಗಿಲು ಸಿಕ್ಕರೆ ಸರಿ, 10 ಗುಂಟೆಗೆ ಗುದ್ದಲಿಯೂ ಸಾಕು. ಬಿಸಿಲು ತಾಗಿದ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ, ತಿನ್ನಬಾರದು. ಮಣ್ಣು ಬಿರುಕು ಬಿಟ್ಟರೆ ಪತಂಗ ನುಗ್ಗಿ ಗಡ್ಡೆಯ ಕಣ್ಣಿನಲ್ಲೇ ಮೊಟ್ಟೆ ಇಡುತ್ತದೆ. ಈ ಪತಂಗವೂ ನಮ್ಮದಲ್ಲ, 1906ರಲ್ಲಿ ಇಟಲಿಯ ಬೀಜದ ಜೊತೆ ಮುಂಬೈ ಪ್ರಾಂತ್ಯಕ್ಕೆ ಇಳಿದದ್ದು!

ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗಿಡ ಕೊಯ್ದು, ಹತ್ತು ಹದಿನೈದು ದಿನ ಬಿಟ್ಟು ಅಗೆಯಿರಿ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳಬಾರದು. ಇಡಲು ಇಲ್ಲಿಯವರ ಆರಣ ಪದ್ಧತಿ ಚೆನ್ನಾಗಿದೆ: ಮರದ ನೆರಳಲ್ಲಿ ರಾಶಿ ಮಾಡಿ, ಬೇವಿನ ಎಲೆ ಹಾಕಿ, ಮೇಲೆ ದಪ್ಪಗೆ ಒಣಹುಲ್ಲು ಹೊದಿಸುವುದು. ಅದರಲ್ಲೇ ಮುಂದಿನ ವರ್ಷಕ್ಕೆ ಬೀಜ ಎತ್ತಿಡುವ ಆಸೆ ಮಾತ್ರ ಬೇಡ. ಈ ಕಡೆ ಸಸ್ಯಹೇನು ನಂಜುರೋಗ ಹರಡುವುದರಿಂದ ಸಲದಿಂದ ಸಲಕ್ಕೆ ಇಳುವರಿ ಕುಗ್ಗುತ್ತದೆ. ಬೀಜ ಹೊಸದಾಗಿ ಕೊಳ್ಳಿ.